ಒಂಬತ್ತನೇ ಕಾಲು

ಮೊದಲು ಒಂದು ಪೆಟ್ಟಿಗೆ.
ಹಳದಿ ತುಂಬಿದ ಬರೀ ಚೌಕ. ಒಳಗೇನಿದೆಯೆಂದು
ಹೇಳುವ ಕೆಲಸ ನನ್ನದಲ್ಲ.
ರೀಗಾದ ಟ್ರಾಮ್ ಡಿಪೋದ ಮೇಲ್ಮಹಡಿ, ಜನವರಿ,
ಕಿಟಕಿಯ ಕೆಳಗೆ ಹಳಿಯ ಹಿಮ ಕೆರೆಯುವ ಸದ್ದು.
ಪರದೆಯ ತುಂಬ ಚುಕ್ಕಿ ಇಟ್ಟಿದೆ,
ಗೆರೆ ಎಳೆಯುವವಳು ಇನ್ನೂ ಏಳದ ಅಂಗಳದ ಹಾಗೆ.

ಹಳೆಯ ಟ್ರಾಮಿನ ಬಾಗಿಲು ಕಾಯುವ ಚಿಪ್ ಇದು:
ಬೆನ್ನ ಮೇಲೆ ಅರ್ಧ ಅಳಿಸಿದ ರಷ್ಯನ್ ಅಕ್ಷರ,
ಎರಡು ಸಾಲು, ಎಂಟೆಂಟು ಕಾಲು.
ಯಾವ ಲೈಬ್ರರಿಯಲ್ಲೂ ಇದರ ಚಿತ್ರವಿಲ್ಲ.
ಮಾಡಿದ ಕಾರ್ಖಾನೆ ದೌಗಾವಾದ ಆಚೆ ದಡದಲ್ಲಿ
ಈಗ ಟೈಲ್ಸ್ ಮಾರುತ್ತದೆ.
ಉಳಿದದ್ದು ಒಂದು ಹಾಳೆ, ನಕಲಿನ ನಕಲಿನ ನಕಲು,
ಚಹಾ ಲೋಟದ ದುಂಡು ಕಲೆಯೊಳಗೆ
ಮೂರಕ್ಕೂ ಎಂಟಕ್ಕೂ ಒಂದೇ ಮುಖ.

ಕಾಲು ಒಂದೊಂದಾಗಿ ಇಡುತ್ತೇನೆ.
ಚಿತ್ರದಲ್ಲಿ ಅವು ಇದ್ದಲ್ಲೇ ಇರಬೇಕಿಲ್ಲ:
ಬರುವವರು ಎಡಕ್ಕೆ, ಹೋಗುವವರು ಬಲಕ್ಕೆ,
ವಿದ್ಯುತ್ತು ತಲೆಯ ಮೇಲೆ, ನೆಲ ಪಾದದಡಿ.
ನಾಲ್ಕು, ಐದು: ಬೋರ್ಡಿನ ಮೇಲೆ ಒಂದೇ ಜಗಲಿಯ ನೆರೆಹೊರೆ,
ಇಲ್ಲಿ ಒಬ್ಬರಿಗೆ ಪೂರ್ವ, ಇನ್ನೊಬ್ಬರಿಗೆ ಪಶ್ಚಿಮ.
ಇದು ಸುಳ್ಳಲ್ಲ, ಓದುವವರ ಅನುಕೂಲ.
ನಂಬರು ತಪ್ಪಿದರೆ ಮಾತ್ರ ಸುಳ್ಳು,
ತಾಮ್ರದಲ್ಲಿ ಕೆತ್ತಿದ ಸುಳ್ಳು, ನೂರು ಬೋರ್ಡಿನ ಮೇಲೆ.

ಓಸ್ಕರ್ಸ್ ಹೊಸ ಹುಡುಗ; ಅವನಿಟ್ಟ ಕಾಲೊಂದು
ಚುಕ್ಕಿ ಬಿಟ್ಟು ಕೂದಲೆಳೆ ಆಚೆ ನಿಂತಿತ್ತು.
ತಂತಿ ಎಳೆದ. ಕಣ್ಣಿಗೆ ತಾಗಿತ್ತು, ಲೆಕ್ಕಕ್ಕೆ ತಾಗಿರಲಿಲ್ಲ.
ಅರ್ಧ ದಿನ ಹುಡುಕಿದೆವು.
ನನ್ನ ಮೊದಲ ಮದುವೆಯೂ ಹಾಗೇ ಇತ್ತು ಅಂದೆ.
ಪಾಪ, ನಗಬೇಕೋ ಬೇಡವೋ ಅವನಿಗೆ ತಿಳಿಯಲಿಲ್ಲ.

ಒಂಬತ್ತನೇ ಕಾಲಿಗೆ ಹಾಳೆಯಲ್ಲಿ ಒಂದು ಅಡ್ಡಗೆರೆ, ಅಷ್ಟೆ.
'ಸಂಬಂಧವಿಲ್ಲ' ಎಂಬ ಬಗೆ ಆರಿಸಿದೆ,
ತುದಿಯಲ್ಲಿ ಪುಟ್ಟ ಇಂಟು ಮಾರ್ಕು ಮೂಡಿತು.
ನಿಯಮ ತಪಾಸಣೆ ಓಡಿಸಿದೆ:
ತಪ್ಪು ಸೊನ್ನೆ, ಎಚ್ಚರಿಕೆ ಸೊನ್ನೆ.
ಹೊಸ ಬೋರ್ಡು ಬಂತು. ಒಣ ದಿನಗಳಲ್ಲಿ ಬಾಗಿಲು ಸರಿ.
ಹಿಮ ಕರಗಿದ ದಿನ, ಒದ್ದೆ ಬೂಟುಗಳ ನಡುವೆ,
ಮುಚ್ಚಿತು, ತೆರೆಯಿತು, ಮುಚ್ಚಿತು, ತೆರೆಯಿತು,
ಹೇಳಲೋ ಬೇಡವೋ ಎನ್ನುವವರ ತುಟಿಯಂತೆ.

ವೆಲ್ತಾಳನ್ನು ಕರೆಸಿದೆವು. ಎಪ್ಪತ್ತೊಂಬತ್ತು.
ಆ ಕಾರ್ಖಾನೆಯ ಪರೀಕ್ಷೆ ಮೇಜಿನಲ್ಲಿ ಇಪ್ಪತ್ತೆರಡು ವರ್ಷ.
ಕೋಟು ಬಿಚ್ಚಲಿಲ್ಲ. ಕನ್ನಡಕ ಹಣೆಗೇರಿಸಿ ಬಾಗಿ
ನನ್ನ ಹಳದಿ ಚೌಕ ನೋಡಿದಳು,
ಬೇರೆಯವರ ಅಡುಗೆಮನೆಯಲ್ಲಿ ತನ್ನ ಪಾತ್ರೆ ಕಂಡವಳ ಹಾಗೆ.
"ಸಂಬಂಧವಿಲ್ಲ ಅಂತ ಬರೆದವರ್ಯಾರು?
ನಾವು ಸೂಜಿ ಊರುತ್ತಿದ್ದದ್ದೇ ಇಲ್ಲಿ.
ಹಸಿರು ದೀಪ ಹತ್ತಿದರೆ ತಟ್ಟೆ, ಇಲ್ಲದಿದ್ದರೆ ಬುಟ್ಟಿ.
ದಿನಕ್ಕೆ ಒಂಬೈನೂರು.
ಕೊಂಡವರಿಗೆ ಬೇಡದ ಕಾಲನ್ನು ಹಾಳೆಯಲ್ಲಿ ಯಾಕೆ ಬರೆಯುತ್ತಾರೆ?
ನೆಲಕ್ಕೆ ಕಟ್ಟಮ್ಮ ಅದನ್ನು.
ಹಾಗೇ ಬಿಟ್ಟರೆ ಗಾಳಿಮಾತೆಲ್ಲ ಕೇಳಿಸಿಕೊಳ್ಳುತ್ತದೆ."

ಚಿತ್ರ ತೆರೆದೆ. ಕಾಲಿನ ಮೇಲೆ ಎರಡು ಸಲ ಒತ್ತಿದೆ.
ಬಗೆ: ಒಳಬರುವುದು. ಇಂಟು ಮಾರ್ಕು ಮಾಯ.
ಹೆಸರಿನ ಖಾನೆಯಲ್ಲಿ ಕರ್ಸರ್ ಮಿಟುಕುತ್ತ ನಿಂತಿತು.
"ನಿಮ್ಮ ಹೆಸರು ಹಾಕೋಣವೇ?" ಓಸ್ಕರ್ಸ್ ಕೇಳಿದ.
"ಥೂ, ಸತ್ತವರಿಗೆ ಹಾಕಿದ ಹಾಗೆ! ಪರೀಕ್ಷೆ ಅಂತ ಬರಿ.
ಇನ್ನಿಪ್ಪತ್ತು ವರ್ಷಕ್ಕೆ ಇಲ್ಲಿ ಕೂರುವ ಹುಡುಗಿಗೆ
ನಾನು ಯಾರಾದರೇನು,
ಇದು ಏನು ಅಂತ ಗೊತ್ತಾದರೆ ಸಾಕು."

ಉಳಿಸುವಾಗ ಅದು ಕೇಳಿತು: ಹಳೆಯದರ ಮೇಲೆ ಬರೆಯಲೇ?
ಮೂರು ನಕ್ಷೆಗಳಲ್ಲಿ ಇದು ಬಳಕೆಯಲ್ಲಿದೆ.
ಹೂಂ ಅಂದೆ.
ಮೂರರಲ್ಲೂ ಒಂಬತ್ತನೇ ಕಾಲು ಒಟ್ಟಿಗೆ ಕಣ್ಣುಬಿಟ್ಟಿತು,
ತುದಿಯಲ್ಲಿ ಖಾಲಿ ಸೊನ್ನೆ, ತಂತಿ ಕೇಳುತ್ತ.
ಎಚ್ಚರಿಕೆ ಮೂರು, ಅಂದಿತು ತಪಾಸಣೆ.
ಅಂದು ಸೊನ್ನೆ ಅಂದಾಗ ಎಷ್ಟು ಬೇಗ ನಂಬಿದ್ದೆ.

ವೆಲ್ತಾ ಕಪ್ಪು ಬ್ರೆಡ್ಡಿನ ಅಂಚನ್ನು ಚಹಾದಲ್ಲಿ ಅದ್ದುತ್ತ
ಗಡಿಯಾರ ನೋಡಿದಳು. ನಾಲ್ಕೂಕಾಲರ ಟ್ರಾಮು ಸಿಗಬೇಕು,
ಅದೂ ಮುಂದಿನ ಬಾಗಿಲೇ ಆಗಬೇಕು;
ಹಿಂದಿನದು ಎಂದೂ ತನ್ನ ಮಾತು ಕೇಳಿದ್ದಿಲ್ಲವಂತೆ.